ವಾರ್ಡಿನಲ್ಲಿ ಉಳಿದವರು

ಮಾನಸಿಕ ಆಸ್ಪತ್ರೆಯ ಚರಿತ್ರೆ ಬರೆಯಲು ಕುಳಿತವರ ಕೈಗೆ ಮೊದಲು ಸಿಗುವುದು ಮುಖ್ಯಸ್ಥರ ಪಟ್ಟಿ. ಬೆಂಗಳೂರಿನ ಆಸ್ಪತ್ರೆಯದಾದರೆ ಚಾರ್ಲ್ಸ್ ಇರ್ವಿಂಗ್ ಸ್ಮಿತ್, ಫ್ರಾಂಕ್ ನೊರೊನ್ಹಾ, ಎಂ.ವಿ. ಗೋವಿಂದಸ್ವಾಮಿ, ಆರ್. ಮಾರ್ತಾಂಡ ವರ್ಮ ಎಂದು ಅದು ಸಾಗುತ್ತದೆ. ಅವರೆಲ್ಲ ದೊಡ್ಡವರು. ಆ ಆಸ್ಪತ್ರೆಯಿಂದ ಬೆಳೆದ ನಿಮ್ಹಾನ್ಸ್ ಐವತ್ತು ದಾಟಿರುವ ಈ ಹೊತ್ತಿನಲ್ಲಿ ಅವರ ಬಗ್ಗೆ ಬರೆಯುವವರಿಗೂ ಕೊರತೆಯಿಲ್ಲ. ಈ ಲೇಖನ ಮಾತ್ರ ಬೆಳಗಿನ ರೌಂಡ್ಸ್ ಮುಗಿಸಿ ಡಾಕ್ಟರು ಹೊರಟ ಮೇಲೆ ವಾರ್ಡಿನಲ್ಲೇ ಉಳಿಯುತ್ತಿದ್ದವರನ್ನು ಕುರಿತದ್ದು. ಅವರ ಹೆಸರುಗಳು ಡ್ಯೂಟಿ ಪುಸ್ತಕಗಳಲ್ಲಿದ್ದವು. ಆ ಪುಸ್ತಕಗಳನ್ನು ಚರಿತ್ರೆಗೆಂದು ಎತ್ತಿಡುವ ರೂಢಿ ನಮ್ಮ ಆಸ್ಪತ್ರೆಗಳಲ್ಲಿ ಇರಲಿಲ್ಲ. ಹಾಗಾಗಿ ಇಲ್ಲಿ ವ್ಯಕ್ತಿಗಳಿಗಿಂತ ಅವರು ಮಾಡಿದ ಕೆಲಸವೇ ಹೆಚ್ಚು ಕಾಣುತ್ತದೆ.

ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ ಕೈಯಲ್ಲಿದ್ದ ಕಾಲ, 1840ರ ದಶಕದ ಕೊನೆ. ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಶುರುವಾದದ್ದು ಆಗ. ಆಗಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದ್ದು ಅದಕ್ಕಿಂತಲೂ ಸ್ವಲ್ಪ ಹಳೆಯದು, 1845ರದು. ಇಂಥ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ದಿನವಿಡೀ ಇರುತ್ತಿದ್ದವನು ಕಾವಲಿನವನು. ಬೀಗ ಹಾಕುವುದು, ತಲೆ ಎಣಿಸುವುದು, ಊಟ ಹಂಚುವುದು, ಸ್ನಾನ ಮಾಡಿಸುವುದು, ಕೆರಳಿದವರನ್ನು ಹಿಡಿದು ಕಟ್ಟುವುದು ಅವನ ಕೆಲಸ. ರಾತ್ರಿ ಎಣಿಸಿದಷ್ಟೇ ತಲೆ ಬೆಳಗ್ಗೆ ಸಿಕ್ಕರೆ ಅವನ ಡ್ಯೂಟಿ ಸರಿಯಾಗಿ ಆಯಿತೆಂದು ಲೆಕ್ಕ. ಬ್ರಿಟಿಷ್ ಇಂಡಿಯಾದ 1858ರ ಕಾಯ್ದೆಯೂ 1912ರ ಕಾಯ್ದೆಯೂ ಮುಖ್ಯವಾಗಿ ಕೇಳಿದ್ದು ಒಬ್ಬರನ್ನು ಯಾರ ಆದೇಶದ ಮೇಲೆ ಒಳಗೆ ಸೇರಿಸಬೇಕು, ಯಾರ ಆದೇಶದ ಮೇಲೆ ಹೊರಗೆ ಬಿಡಬೇಕು ಎಂದು. ಒಳಗಿದ್ದಾಗ ಅವರನ್ನು ನೋಡಿಕೊಳ್ಳುವವರಿಗೆ ಏನು ಗೊತ್ತಿರಬೇಕು ಎಂಬ ಪ್ರಶ್ನೆ ಆ ಕಾಯ್ದೆಗಳ ತಲೆಗೆ ಬರಲಿಲ್ಲ.

ಆ ಪ್ರಶ್ನೆ ಆ ಕಾಲಕ್ಕೆ ತಿಳಿಯದ್ದೇನಲ್ಲ. ಬ್ರಿಟನ್ನಿನ ಮನೋವೈದ್ಯರ ಸಂಘ 1885ರಲ್ಲೇ ತನ್ನ ಆಸ್ಪತ್ರೆಗಳ ಪರಿಚಾರಕರಿಗಾಗಿ ಒಂದು ಕೈಪಿಡಿ ಹೊರತಂದಿತ್ತು. 1891ರಿಂದ ಅವರಿಗೆ ಪರೀಕ್ಷೆ ಇಟ್ಟು ಪ್ರಮಾಣಪತ್ರ ಕೊಡಲು ಆರಂಭಿಸಿತು. ಬ್ರಿಟಿಷರು ಆಳುತ್ತಿದ್ದ ಭಾರತದಲ್ಲಿ ಅಂಥ ತರಬೇತಿ ನೆಲೆ ಕಾಣಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಕಟ್ಟಡ ತಂದರು, ಕಾಯ್ದೆ ತಂದರು, ಕೈಪಿಡಿಯನ್ನು ಮಾತ್ರ ಅಲ್ಲೇ ಬಿಟ್ಟು ಬಂದರು.

ಮೈಸೂರು ಸರ್ಕಾರ 1925ರಲ್ಲಿ ಬೆಂಗಳೂರಿನ ಹುಚ್ಚಾಸ್ಪತ್ರೆಯನ್ನು ಮೆಂಟಲ್ ಹಾಸ್ಪಿಟಲ್ ಎಂದು ಕರೆಯಿತು. 1930ರ ದಶಕದ ಕೊನೆಯ ಹೊತ್ತಿಗೆ ಆಸ್ಪತ್ರೆ ಹೊಸೂರು ರಸ್ತೆಯ ಹೊಸ ಕಟ್ಟಡಕ್ಕೆ ಬಂತು. ಇಂಗ್ಲೆಂಡಿನಲ್ಲಿ ಮನೋವೈದ್ಯಕೀಯ ಕಲಿತು ಬಂದಿದ್ದ ನೊರೊನ್ಹಾ ಅವರ ಆಸೆ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಅಂದದ ಗೀಳು ಎರಡೂ ಸೇರಿ ಅದು ಜೈಲಿನ ಹಾಗೆ ಕಾಣದೆ ತೋಟದ ನಡುವಿನ ಮನೆಗಳ ಹಾಗೆ ಕಾಣುವಂತಾಯಿತು. ಈ ಕಟ್ಟಡದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಆದರೆ ಗೋಡೆ ತಗ್ಗಿದಷ್ಟೂ, ಬಾಗಿಲು ತೆರೆದಷ್ಟೂ, ಒಳಗೆ ನಿಂತವರ ಕಣ್ಣು ಚುರುಕಾಗಿರಬೇಕಾಗುತ್ತದೆ ಎಂಬುದನ್ನು ಯಾರೂ ಬರೆಯುವುದಿಲ್ಲ. ಬೀಗ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಮನುಷ್ಯರು ಮಾಡಬೇಕಿತ್ತು.

ನೊರೊನ್ಹಾ ಅವರ ನಂತರ ಬಂದ ಗೋವಿಂದಸ್ವಾಮಿ ಹೊಸ ಚಿಕಿತ್ಸೆಗಳ ಬೆನ್ನುಹತ್ತಿದವರು. ಯುರೋಪಿನಲ್ಲಿ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಇನ್ಸುಲಿನ್ ಕೋಮಾ, ಫಿಟ್ಸ್ ಬರಿಸುವ ಕಾರ್ಡಿಯಜಾಲ್ ಬೆಂಗಳೂರಿಗೂ ಬಂದವು. ಮಿದುಳಿನ ಮುಂಭಾಗದ ಶಸ್ತ್ರಚಿಕಿತ್ಸೆಗೆ ಒಳಗಾದ ಭಾರತೀಯ ರೋಗಿಗಳ ಬಗ್ಗೆ ಅವರೂ ಬಾಲಕೃಷ್ಣ ರಾವ್ ಅವರೂ 1944ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಇವುಗಳಲ್ಲಿ ಇನ್ಸುಲಿನ್ ಕೋಮಾದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ಅದು ನಡೆದದ್ದೇ ನರ್ಸುಗಳ ಕೈಯಲ್ಲಿ.

ರೋಗಿಗೆ ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಇನ್ಸುಲಿನ್ ಸೂಜಿ. ಗಂಟೆ ಕಳೆದಂತೆ ಬೆವರು, ಮಂಪರು, ಆಮೇಲೆ ತೊಳಲಾಟ, ಕೊನೆಗೆ ಎಚ್ಚರ ತಪ್ಪುವುದು. ಕೆಲವರಿಗೆ ನಡುವೆ ಫಿಟ್ಸ್. ಎಚ್ಚರ ತಪ್ಪಿದ ಮನುಷ್ಯನ ನಾಡಿ, ಉಸಿರು, ಕಣ್ಣಿನ ಪಾಪೆಯನ್ನು ಮತ್ತೆ ಮತ್ತೆ ನೋಡಿ ಬರೆಯುತ್ತಿರಬೇಕು. ನಾಲಿಗೆ ಹಿಂದಕ್ಕೆ ಬೀಳದಂತೆ, ಜೊಲ್ಲು ಶ್ವಾಸನಾಳಕ್ಕೆ ಇಳಿಯದಂತೆ ಮಗ್ಗುಲು ತಿರುಗಿಸಿ ಮಲಗಿಸಿರಬೇಕು. ಗೊತ್ತುಮಾಡಿದ ಹೊತ್ತಿಗೆ ಮೂಗಿನಿಂದ ಹೊಟ್ಟೆಗೆ ಇಳಿಬಿಟ್ಟ ನಳಿಕೆಯಲ್ಲಿ ಸಕ್ಕರೆ ನೀರು ಬಿಟ್ಟು ಎಬ್ಬಿಸಬೇಕು. ಏಳದಿದ್ದರೆ ರಕ್ತನಾಳಕ್ಕೆ ಗ್ಲೂಕೋಸ್. ಎದ್ದು ಊಟ ಮಾಡಿದ ಮೇಲೂ ಅಪಾಯ ಕಳೆಯಿತೆಂದಲ್ಲ. ಮಧ್ಯಾಹ್ನ ಅಂಗಳದಲ್ಲಿ ಕೂತವನು ಮತ್ತೆ ಬೆವರಿ ಕುಸಿಯಬಹುದು. ಅಷ್ಟರಲ್ಲಿ ಡಾಕ್ಟರು ಬೇರೆ ವಾರ್ಡಿಗೆ ಹೋಗಿರುತ್ತಾರೆ. ಹೀಗೆ ವಾರಕ್ಕೆ ಐದಾರು ದಿನ, ತಿಂಗಳುಗಟ್ಟಲೆ. ಸಾವಿನ ಅಂಚಿಗೆ ಹೋಗಿ ಬರುವ ಈ ದಿನಚರಿಯಲ್ಲಿ ರೋಗಿ ಕಣ್ಣು ಬಿಟ್ಟಾಗ ಕಾಣುತ್ತಿದ್ದುದು ನರ್ಸಿನ ಮುಖ.

ಆಮೇಲೆ ನಡೆದದ್ದು ವೈದ್ಯಕೀಯ ಚರಿತ್ರೆಯ ಒಂದು ವ್ಯಂಗ್ಯ. ಲಂಡನ್ನಿನಲ್ಲಿ ಆಕ್ನರ್ ಮತ್ತು ಜೊತೆಗಾರರು ಇನ್ಸುಲಿನ್ ಕೋಮಾವನ್ನು ಬರೀ ನಿದ್ದೆಯ ಔಷಧದಿಂದ ತಂದ ಕೋಮಾದೊಂದಿಗೆ ಹೋಲಿಸಿ ನೋಡಿ, ಎರಡರ ಫಲದಲ್ಲಿ ವ್ಯತ್ಯಾಸವಿಲ್ಲ ಎಂದು 1957ರಲ್ಲಿ ವರದಿ ಮಾಡಿದರು. ಹಾಗಾದರೆ ಅಷ್ಟು ವರ್ಷ ಕೆಲವು ರೋಗಿಗಳು ಚೇತರಿಸಿಕೊಂಡದ್ದು ಯಾವುದರಿಂದ? ಹಲವರು ಕೊಟ್ಟ ಉತ್ತರಗಳಲ್ಲಿ ಒಂದು: ಆ ಘಟಕಗಳಲ್ಲಿ ರೋಗಿಗೆ ಸಿಗುತ್ತಿದ್ದ ಎಡೆಬಿಡದ ಆರೈಕೆ. ಔಷಧವೆಂದುಕೊಂಡದ್ದು ಔಷಧವಾಗಿರಲಿಲ್ಲ, ಅದರ ಸುತ್ತ ನಡೆಯುತ್ತಿದ್ದ ಶುಶ್ರೂಷೆಯೇ ಗುಣ ಕೊಟ್ಟಿರಬಹುದು ಎಂಬ ಈ ಅನುಮಾನ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿಗೆ ಮುಗಿಯುತ್ತದೆ. ನನಗಂತೂ ಅದು ಇಡೀ ಅಧ್ಯಾಯಕ್ಕೆ ಯೋಗ್ಯವಾದ ವಿಷಯ.

ಇಷ್ಟೆಲ್ಲ ಹೊಣೆ ಹೊತ್ತವರಿಗೆ ಈ ಕೆಲಸಕ್ಕೆಂದೇ ತರಬೇತಿ ಇತ್ತೇ? ಇಲ್ಲವೆಂದೇ ಹೇಳಬೇಕು. ಮದ್ರಾಸಿನ ಮಾನಸಿಕ ಆಸ್ಪತ್ರೆಯಲ್ಲಿ 1943ರಲ್ಲಿ ಗಂಡು ನರ್ಸಿಂಗ್ ವಿದ್ಯಾರ್ಥಿಗಳಿಗೆ ಹೆರಿಗೆ ತರಬೇತಿಯ ಬದಲಿಗೆ ಮೂರು ತಿಂಗಳ ಕೋರ್ಸೊಂದು ಶುರುವಾಗಿ ಆಮೇಲೆ ನಿಂತುಹೋಯಿತು. ಅದು ಮನೋರೋಗಿಗಳ ಅಗತ್ಯ ನೋಡಿ ಹುಟ್ಟಿದ್ದಲ್ಲ. ಹೆರಿಗೆ ವಾರ್ಡಿಗೆ ಹೋಗಲಾಗದ ಹುಡುಗರನ್ನು ಎಲ್ಲಾದರೂ ಕಳಿಸಬೇಕಿತ್ತು. ದೇಶದ ಆರೋಗ್ಯ ಸೇವೆಯನ್ನು ಪರಿಶೀಲಿಸಿದ 1946ರ ಭೋರ್ ಸಮಿತಿ ಮಾನಸಿಕ ಆಸ್ಪತ್ರೆಗಳ ಸ್ಥಿತಿಯನ್ನು ನೋಡಿ, ಹಾಸಿಗೆಗಳಷ್ಟೇ ಅಲ್ಲ, ಅವುಗಳ ಪಕ್ಕ ನಿಲ್ಲುವ ತರಬೇತಾದ ಜನವೂ ಇಲ್ಲ ಎಂದು ಕಂಡುಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ, 1948ರಿಂದ 1950ರ ನಡುವೆ, ಭಾರತ ಸರ್ಕಾರ ನಾಲ್ವರು ನರ್ಸುಗಳನ್ನು ಮನೋಶುಶ್ರೂಷೆಯ ಡಿಪ್ಲೊಮಾಕ್ಕೆಂದು ಬ್ರಿಟನ್ನಿಗೆ ಕಳಿಸಿತು. ಇಡೀ ದೇಶಕ್ಕೆ ನಾಲ್ವರು!

ಭೋರ್ ಸಮಿತಿಯ ಮಾತು ಫಲಿಸಿದ್ದು ಬೆಂಗಳೂರಿನಲ್ಲಿ. 1954ರಲ್ಲಿ ಮೈಸೂರು ಸರ್ಕಾರದ ಆಸ್ಪತ್ರೆಗೆ ಹೊಂದಿಕೊಂಡಂತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, ಗೋವಿಂದಸ್ವಾಮಿಯವರೇ ಅದರ ಮುಂದಾಳು. ವೈದ್ಯರಿಗೆ ಒಂದು ಡಿಪ್ಲೊಮಾ, ಮನಶ್ಶಾಸ್ತ್ರದವರಿಗೆ ಒಂದು. ನರ್ಸುಗಳಿಗೆಂದು ಒಂದು ವರ್ಷದ ಡಿಪ್ಲೊಮಾ 1956ರಲ್ಲಿ ಶುರುವಾಯಿತು. ಇಂದಿಗೂ ನರ್ಸಿಂಗ್ ವಲಯದಲ್ಲಿ ಡಿಪಿಎನ್ ಎಂದರೆ ಸಾಕು, ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಬೇರೆ ಬೇರೆ ರಾಜ್ಯಗಳ ಆಸ್ಪತ್ರೆಗಳು ತಮ್ಮ ಸಿಸ್ಟರು, ಬ್ರದರುಗಳನ್ನು ಇಲ್ಲಿಗೆ ಕಳಿಸಿದವು. ಅವರಲ್ಲಿ ಅನೇಕರಿಗೆ ಕನ್ನಡ ಬರುತ್ತಿರಲಿಲ್ಲ. ಮನೋರೋಗದ ಆರೈಕೆಯಲ್ಲಿ ಭಾಷೆ ಬಾರದಿದ್ದರೆ ಕೈ ಕಟ್ಟಿದಂತೆ: ಕಿವಿಯಲ್ಲಿ ಕೇಳುವ ದನಿ ಏನು ಹೇಳುತ್ತದೆ, ರಾತ್ರಿ ಯಾಕೆ ನಿದ್ದೆ ಬರಲಿಲ್ಲ, ಮನೆಯ ಯಾರ ನೆನಪಾಯಿತು ಎಂದು ಕೇಳಬೇಕು, ಉತ್ತರ ಅರ್ಥವಾಗಬೇಕು. ಇದಕ್ಕೆಲ್ಲ ಬೇಕಾದ ಕನ್ನಡ, ತೆಲುಗು, ತಮಿಳನ್ನು ಹೆಚ್ಚಿನವರು ಕಲಿತದ್ದು ರೋಗಿಗಳಿಂದಲೇ.

ಭಾರತೀಯ ನರ್ಸಿಂಗ್ ಪರಿಷತ್ತು 1965ರಲ್ಲಿ ಬಿ.ಎಸ್ಸಿ. ನರ್ಸಿಂಗಿಗೆ ಮನೋಶುಶ್ರೂಷೆಯನ್ನು ಕಡ್ಡಾಯ ಮಾಡಿತು. ವಾರ್ಡುಗಳಲ್ಲಿ ದುಡಿಯುವ ಬಹುಪಾಲು ನರ್ಸುಗಳು ಓದಿ ಬರುವ ಜಿಎನ್ಎಂ ಡಿಪ್ಲೊಮಾ ಕೋರ್ಸಿನಲ್ಲಿ ಅದು ಕಡ್ಡಾಯವಾಗಲು 1986ರ ತನಕ ಕಾಯಬೇಕಾಯಿತು. ಅಂದರೆ ಅದಕ್ಕೂ ಮುಂಚೆ ಮಾನಸಿಕ ಆಸ್ಪತ್ರೆಯ ವಾರ್ಡನ್ನೇ ನೋಡದೆ ನರ್ಸಾಗಿ ಹೊರಬರುವುದು ಸಾಧ್ಯವಿತ್ತು.

ಇಷ್ಟರಲ್ಲಿ ಚಿಕಿತ್ಸೆಯೇ ಬದಲಾಗಿತ್ತು. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಬಂತು, ಅದರ ಹಿಂದೆಯೇ ಇನ್ನೂ ಹಲವು ಔಷಧಗಳು. ವಾರ್ಡಿನ ಗದ್ದಲ ಇಳಿಯಿತು ಎಂದು ಆ ಕಾಲದವರು ಎಲ್ಲ ದೇಶಗಳಲ್ಲೂ ಬರೆದಿದ್ದಾರೆ. ಗದ್ದಲ ಇಳಿದ ಮೇಲೆ ನರ್ಸಿನ ಕೆಲಸ ಕಡಿಮೆಯಾಯಿತೆಂದು ಹೊರಗಿನವರು ತಿಳಿದರು. ಆದದ್ದು ಅದಕ್ಕೆ ವಿರುದ್ಧ. ಮಾತ್ರೆ ನುಂಗಿದ ಹಾಗೆ ಮಾಡಿ ಕೆನ್ನೆಯ ಒಳಗೆ ಅಡಗಿಸಿಟ್ಟವರಾರು ಎಂದು ನೋಡಬೇಕು. ಹ್ಯಾಲೋಪೆರಿಡಾಲ್ ಸೂಜಿಯ ಮರುದಿನ ಹುಡುಗನೊಬ್ಬನ ಕತ್ತು ಒಂದು ಕಡೆಗೆ ಸೆಟೆದು ಕಣ್ಣು ಮೇಲಕ್ಕೆ ಸಿಕ್ಕಿಕೊಂಡರೆ ಅದು ನಾಟಕವಲ್ಲ, ಔಷಧದ ಅಡ್ಡಪರಿಣಾಮ ಎಂದು ತಕ್ಷಣ ಗುರುತಿಸಬೇಕು. ಲಿಥಿಯಂ ತೆಗೆದುಕೊಳ್ಳುವಾಕೆ ಎರಡು ಸಲ ವಾಂತಿ ಮಾಡಿ, ಲೋಟ ಹಿಡಿದ ಕೈ ಒರಟಾಗಿ ನಡುಗಿ, ಹೆಜ್ಜೆ ತಪ್ಪುತ್ತಿದ್ದರೆ ಮುಂದಿನ ಡೋಸ್ ತಡೆದು ಡಾಕ್ಟರಿಗೆ ಹೇಳಬೇಕು. ತಡವಾದರೆ ಕಿಡ್ನಿ, ಮಿದುಳು ಎರಡಕ್ಕೂ ಕೇಡು. ಖಿನ್ನತೆಯಿಂದ ಹಾಸಿಗೆ ಬಿಟ್ಟೇಳದಿದ್ದವರು ಔಷಧ ಶುರುವಾದ ಮೇಲೆ ಎದ್ದು ಓಡಾಡುವ ಮೊದಲ ದಿನಗಳೇ ಹೆಚ್ಚು ಅಪಾಯದವು ಎಂಬುದು ಈ ವೃತ್ತಿಯ ಹಳೆಯ ಪಾಠ. ಸಾಯಬೇಕೆಂಬ ಯೋಚನೆ ಇನ್ನೂ ಹೋಗಿರುವುದಿಲ್ಲ, ಅದನ್ನು ಮಾಡುವ ಶಕ್ತಿ ಮಾತ್ರ ಮರಳಿರುತ್ತದೆ. ಸಂಬಂಧಿಕರು ಸಂತೋಷಪಡುವ ಆ ಹೊತ್ತಿನಲ್ಲೇ ನರ್ಸ್ ಇನ್ನಷ್ಟು ಹತ್ತಿರ ಕೂತು ನೋಡುತ್ತಾರೆ.

ಇಂಥದ್ದೆಲ್ಲ ಕೇಸ್ ಶೀಟಿನ ಹಿಂದಿನ ಪುಟಗಳಲ್ಲಿ, ಶಿಫ್ಟಿಗೊಬ್ಬರಂತೆ ಬರೆದ ಟಿಪ್ಪಣಿಗಳಲ್ಲಿ ಇರುತ್ತದೆ. ರಾತ್ರಿ ಎರಡಕ್ಕೆ ಎದ್ದರು, ಗೋಡೆಯ ಕಡೆ ಮುಖ ಮಾಡಿ ಮಾತಾಡಿದರು, ಇಡ್ಲಿ ಒಂದೇ ತಿಂದರು, ಮಗಳು ಬಂದಾಗ ಅತ್ತರು. ರೋಗನಿರ್ಣಯ ಮುಂದಿನ ಪುಟದಲ್ಲಿರುತ್ತದೆ, ಅದಕ್ಕೆ ಆಧಾರ ಬಹುಮಟ್ಟಿಗೆ ಹಿಂದಿನ ಪುಟದಲ್ಲಿರುತ್ತದೆ.

1974ರ ಡಿಸೆಂಬರ್ 27ರಂದು ರಾಜ್ಯದ ಆಸ್ಪತ್ರೆ, ಕೇಂದ್ರದ ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಮಾರ್ತಾಂಡ ವರ್ಮ ಮೊದಲ ನಿರ್ದೇಶಕರು. ಮರುವರ್ಷ ಸಮುದಾಯ ಮನೋವೈದ್ಯಕೀಯ ಘಟಕ ಶುರುವಾಯಿತು. ಅದರ ಹೊಣೆ ಹೊತ್ತವರು ಆರ್.ಎಲ್. ಕಪೂರ್. ಕೋಟ ಎಂಬ ಕರಾವಳಿಯ ಊರಿನ ಜನರ ಮಾನಸಿಕ ಆರೋಗ್ಯದ ಬಗ್ಗೆ ಕಾರ್‌ಸ್ಟೇರ್ಸ್ ಅವರೊಂದಿಗೆ ಸೇರಿ ಪುಸ್ತಕ ಬರೆದ ಕಪೂರ್ ಇವರೇ. ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಹಳ್ಳಿಯ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಅಲ್ಲಿ ತರಬೇತಿ ನಡೆಯಿತು. ಈ ಕತೆಯನ್ನು ಎಲ್ಲರೂ ಬಲ್ಲರು.

ಅಷ್ಟಾಗಿ ಗೊತ್ತಿಲ್ಲದ್ದು ಬೇರೊಂದು. 1980ರ ದಶಕದ ಆರಂಭದಲ್ಲಿ ಪೈ ಎಂಬ ಸಂಶೋಧಕರು ಮತ್ತು ಇದೇ ಕಪೂರ್ ಬೆಂಗಳೂರಿನಲ್ಲಿ ಒಂದು ಅಧ್ಯಯನ ಮಾಡಿದರು. ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿಯಲ್ಲಿದ್ದ 54 ಸ್ಕಿಜೊಫ್ರೇನಿಯಾ ರೋಗಿಗಳು. 27 ಜನರನ್ನು ಎಂದಿನಂತೆ ವಾರ್ಡಿಗೆ ಸೇರಿಸಲಾಯಿತು. ಉಳಿದ 27 ಜನರನ್ನು ಮನೆಯಲ್ಲೇ ಇಟ್ಟು, ತರಬೇತಾದ ನರ್ಸ್ ಮನೆಗೇ ಹೋಗಿ ನೋಡಿಕೊಳ್ಳುವ ಏರ್ಪಾಟು ಮಾಡಲಾಯಿತು. ಆರು ತಿಂಗಳು ಎರಡೂ ಗುಂಪುಗಳನ್ನು ಹಿಂಬಾಲಿಸಿದರು. ನರ್ಸ್ ಭೇಟಿ ಕೊಡುತ್ತಿದ್ದ ಗುಂಪಿನ ರೋಗಲಕ್ಷಣಗಳು ಹೆಚ್ಚು ತಗ್ಗಿದವು, ಅವರು ಮನೆಯೊಳಗೂ ಹೊರಗೂ ಹೆಚ್ಚು ಚೆನ್ನಾಗಿ ನಡೆದುಕೊಂಡರು, ಮನೆಯವರ ಹೊರೆ ಇಳಿಯಿತು, ಖರ್ಚೂ ಕಡಿಮೆಯಾಯಿತು.

ಮನೆಯವರ ಹೊರೆಯನ್ನು ಅಳೆಯುವುದಕ್ಕೆ ಅದೇ ಇಬ್ಬರು 1981ರಲ್ಲಿ ಒಂದು ಪ್ರಶ್ನಾವಳಿ ಮಾಡಿದ್ದರು. ಹಣಕಾಸು ಏನಾಯಿತು, ಮನೆಯ ದಿನಚರಿ ಎಷ್ಟು ಕೆಟ್ಟಿತು, ಬಿಡುವು ಉಳಿಯಿತೇ, ಮನೆಯವರ ನಡುವೆ ಜಗಳ ಹೆಚ್ಚಿತೇ, ಅವರ ಮೈ ಮನಸ್ಸಿನ ಆರೋಗ್ಯ ಹೇಗಿದೆ ಎಂದು ಒಂದೊಂದಾಗಿ ಕೇಳುವ ಆ ಪ್ರಶ್ನಾವಳಿ ಈಗಲೂ ದೇಶ ವಿದೇಶಗಳ ಸಂಶೋಧನೆಯಲ್ಲಿ ಬಳಕೆಯಲ್ಲಿದೆ. ಅದರ ಪ್ರಶ್ನೆಗಳನ್ನು ಓದಿದರೆ ಮನೆಗೆ ಹೋದ ನರ್ಸ್ ಮಾಡಬೇಕಾಗಿದ್ದುದೇನು ಎಂಬುದೂ ಗೊತ್ತಾಗುತ್ತದೆ. ಮಾತ್ರೆಯ ಲೆಕ್ಕ ಕೇಳುವುದು ಕೆಲಸದ ಒಂದು ಪಾಲು ಮಾತ್ರ. ಮಗ ಸೋಮಾರಿಯಲ್ಲ, ಕಾಯಿಲೆ ಅವನ ಉತ್ಸಾಹವನ್ನೇ ಕಿತ್ತುಕೊಂಡಿದೆ ಎಂದು ತಂದೆಗೆ ತಿಳಿಹೇಳುವುದು, ಸೊಸೆಯ ಮೇಲೆ ಹೊರಿಸಿದ ಆಪಾದನೆಯನ್ನು ಮೆಲ್ಲಗೆ ಇಳಿಸುವುದು, ಮಂತ್ರವಾದಿಯ ಬಳಿ ಹೋಗಿ ಬಂದುದನ್ನು ಬಯ್ಯದೆ ಕೇಳಿಸಿಕೊಳ್ಳುವುದು, ನಿದ್ದೆ ಕೆಡುವುದೇ ಮರುಕಳಿಕೆಯ ಮೊದಲ ಸುಳಿವು ಎಂದು ತಾಯಿಗೆ ಹೇಳಿಕೊಡುವುದು. ಡಾಕ್ಟರ ಕೋಣೆಯಲ್ಲಿ ಐದು ನಿಮಿಷ ಸಿಗುವ ಕುಟುಂಬಕ್ಕೆ ಇದು ಇನ್ನೆಲ್ಲಿಯೂ ಸಿಗುವಂಥದ್ದಲ್ಲ.

ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಿದ್ದ ದೀರ್ಘಕಾಲದ ರೋಗಿಗಳ ಮೇಲೂ ಮನೆ ಭೇಟಿಯ ಪ್ರಯೋಗ ನಡೆಯಿತು. ಪೈ, ಚನ್ನಬಸವಣ್ಣ ಮತ್ತು ಜೊತೆಗಾರರ ಆ ವರದಿ 1985ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ'ಯಲ್ಲಿ ಬಂತು. ಬೆಂಗಳೂರಿನ ನರ್ಸುಗಳ ಕೆಲಸ ಲಂಡನ್ನಿನ ಪತ್ರಿಕೆಯ ಪುಟ ಸೇರಿತು. ಬೆಂಗಳೂರಿನ ಆಡಳಿತದ ಕಡತವನ್ನು ಅದೇ ವೇಗದಲ್ಲಿ ಸೇರಿದ್ದರೆ ಮುಂದಿನ ನಲವತ್ತು ವರ್ಷ ಬೇರೆಯಾಗಿರುತ್ತಿತ್ತು ಎಂಬುದು ನನ್ನ ಎಣಿಕೆ.

ಏಕೆಂದರೆ ಆಮೇಲೆ ಬಂದ ಬಳ್ಳಾರಿ ಪ್ರಯೋಗ ಬೇರೆ ದಾರಿ ಹಿಡಿಯಿತು. 1980ರ ದಶಕದ ನಡುವೆ ಸುಮಾರು 20 ಲಕ್ಷ ಜನರಿದ್ದ ಆ ಜಿಲ್ಲೆಯಲ್ಲಿ ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ಯಲಾಯಿತು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. 1996ರಲ್ಲಿ ಅದೇ ಮಾದರಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಶುರುವಾಗಿ ಈಗ 767 ಜಿಲ್ಲೆಗಳಿಗೆ ಮಂಜೂರಾಗಿದೆ. ಪ್ರತಿ ಜಿಲ್ಲಾ ತಂಡದಲ್ಲೂ ಒಬ್ಬ ಮನೋವೈದ್ಯ, ಮನಶ್ಶಾಸ್ತ್ರಜ್ಞ, ಸಮಾಜ ಕಾರ್ಯಕರ್ತರ ಜೊತೆಗೆ ಮನೋಶುಶ್ರೂಷೆಯ ನರ್ಸಿಗೂ ಸಮುದಾಯ ನರ್ಸಿಗೂ ಒಂದೊಂದು ಹುದ್ದೆ ಇದೆ. ಒಂದು ಜಿಲ್ಲೆಗೆ ಇಬ್ಬರು! ಆ ಇಬ್ಬರೇ ಶಿಬಿರಕ್ಕೆ ಹೋಗಬೇಕು, ವಾರಗಟ್ಟಲೆ ಕೆಲಸ ಮಾಡುವ ಡಿಪೋ ಸೂಜಿ ಹಾಕಬೇಕು, ರಿಜಿಸ್ಟರ್ ತುಂಬಬೇಕು. ಮನೆಗೆ ಹೋಗಲು ಅವರಿಗೆ ದಿನ ಎಲ್ಲಿ ಉಳಿಯುತ್ತದೆ? ಇಡೀ ಮಾದರಿ ಮಾತ್ರೆ ಬರೆಯುವ ವೈದ್ಯರನ್ನು ಹಳ್ಳಿಗೆ ಒಯ್ಯುವ ಯೋಚನೆಯ ಮೇಲೆ ನಿಂತಿತು. 27 ಮನೆಗಳಲ್ಲಿ ಗೆದ್ದ ಇನ್ನೊಂದು ಮಾದರಿ ಪ್ರಬಂಧವಾಗಿಯೇ ಉಳಿಯಿತು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದೇಶದ ವಯಸ್ಕರಲ್ಲಿ ಶೇ. 10.6 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆಯೆಂದೂ, ಹೆಚ್ಚಿನ ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಜನ ಚಿಕಿತ್ಸೆಯ ಹೊರಗಿದ್ದಾರೆಂದೂ ಹೇಳಿದಾಗ ಮನೋವೈದ್ಯರ ಕೊರತೆಯ ಮಾತು ಮತ್ತೆ ಎದ್ದಿತು. ನರ್ಸುಗಳ ಮಾತು ಎಂದಿನಂತೆ ಅದರ ಬಾಲದಲ್ಲಿ ಬಂತು.

ಕಲಿಕೆಯ ಕಡೆ ಮಾತ್ರ ದಾರಿ ತೆರೆಯುತ್ತಲೇ ಹೋಯಿತು. 1980ರ ದಶಕದ ಕೊನೆಯಲ್ಲಿ ನಿಮ್ಹಾನ್ಸ್‌ನಲ್ಲಿ ಮನೋಶುಶ್ರೂಷೆಯ ಎಂ.ಎಸ್ಸಿ. ಬಂತು, ಆಮೇಲೆ ಬಿ.ಎಸ್ಸಿ., ಪಿಎಚ್.ಡಿ. ಇಲ್ಲಿ ಓದಿದವರು ದೇಶದ ನರ್ಸಿಂಗ್ ಕಾಲೇಜುಗಳಲ್ಲಿ ಪಾಠ ಹೇಳಿದರು, ಪಠ್ಯಪುಸ್ತಕ ಬರೆದರು. ಅವರಲ್ಲಿ ಹಲವರು ಇಂದು ಬ್ರಿಟನ್ನಿನ, ಕೊಲ್ಲಿ ದೇಶಗಳ ಆಸ್ಪತ್ರೆಗಳಲ್ಲಿದ್ದಾರೆ. ಹೊರಟವರನ್ನು ದೂರುವಂತಿಲ್ಲ. ವಿಶೇಷ ತರಬೇತಿ ಪಡೆದು ಊರಿಗೆ ಮರಳಿದವರನ್ನು ಸಾಮಾನ್ಯ ಸರ್ಜರಿ ವಾರ್ಡಿಗೆ ಹಾಕುವ ವ್ಯವಸ್ಥೆಯಲ್ಲಿ ಆ ತರಬೇತಿಗೆ ಬೆಲೆ ಎಲ್ಲಿದೆಯೋ ಅಲ್ಲಿಗೆ ಜನ ಹೋಗುತ್ತಾರೆ.

ಇನ್ನು ಕಾನೂನು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು ಸರಪಳಿಯಲ್ಲಿ ಕಟ್ಟಿದ್ದ ರೋಗಿಗಳು ಬಿಡಿಸಿಕೊಳ್ಳಲಾಗದೆ ಸುಟ್ಟುಹೋದರು. ಸತ್ತವರು 28 ಜನ. ಸರಪಳಿ ಹಾಕುವುದು ಯಾವ ರೂಪದಲ್ಲೂ ಸಲ್ಲದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿತು. ಅರಿವಳಿಕೆ ಕೊಡದೆ ಕರೆಂಟ್ ಚಿಕಿತ್ಸೆ ಕೊಡುವುದನ್ನೂ ನಿಷೇಧಿಸಿತು. ಬೇರೆ ಯಾವ ದಾರಿಯೂ ಇಲ್ಲದೆ ರೋಗಿಗೋ ಇತರರಿಗೋ ಆ ಕ್ಷಣದ ಅಪಾಯ ಇದ್ದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ, ಬೇಕಾದಷ್ಟೇ ಹೊತ್ತು ಕಟ್ಟಿಹಾಕಬಹುದು. ಶಿಕ್ಷೆಗಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಸಾಲದೆಂದು ಕಟ್ಟುವಂತಿಲ್ಲ. ಕೊನೆಯ ಈ ಮಾತನ್ನು ಬರೆದವರಿಗೆ ವಾರ್ಡಿನ ನೈಟ್ ಡ್ಯೂಟಿ ಗೊತ್ತಿತ್ತು ಎನಿಸುತ್ತದೆ. ಅಷ್ಟೊಂದು ಹಾಸಿಗೆಗೆ ಒಬ್ಬರೇ ಇದ್ದ ರಾತ್ರಿಗಳಲ್ಲಿ ಕಟ್ಟುವ ಬಟ್ಟೆ ಎರಡನೆಯ ನರ್ಸಿನ ಕೆಲಸ ಮಾಡುತ್ತಿತ್ತು ಎಂಬುದನ್ನು ಈ ವೃತ್ತಿಯವರು ತಮ್ಮತಮ್ಮಲ್ಲೇ ಒಪ್ಪಿಕೊಳ್ಳುತ್ತಾರೆ. ಕಾಯ್ದೆ ಅದನ್ನು ತಪ್ಪೆಂದಿತು. ಎರಡನೆಯ ನರ್ಸನ್ನು ಕೊಡುವುದು ಸರ್ಕಾರಗಳಿಗೆ ಬಿಟ್ಟ ವಿಷಯವಾಯಿತು.

ಅದೇ ಕಾಯ್ದೆ ಮಾನಸಿಕ ಆರೋಗ್ಯ ನರ್ಸ್ ಎಂದರೆ ಯಾರು ಎಂದು ವಿವರಿಸಿತು. ಈ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ದುಡಿದ ಒಬ್ಬ ನರ್ಸಿಗೆ ಕೇಂದ್ರದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲೂ ರಾಜ್ಯದ ಪ್ರಾಧಿಕಾರದಲ್ಲೂ ಕುರ್ಚಿ ಹಾಕಿತು. 1840ರ ದಶಕದ ಕಾವಲಿನವನಿಂದ ಅಲ್ಲಿಯವರೆಗಿನ ದಾರಿ ಸಣ್ಣದಲ್ಲ. ಆದರೆ ರೋಗಿಯ ದೂರು ಕೇಳುವುದು ಪ್ರಾಧಿಕಾರವಲ್ಲ, ಜಿಲ್ಲೆಯ ಮಟ್ಟದ ಪುನರ್ವಿಮರ್ಶಾ ಮಂಡಳಿ. ಕಾಯ್ದೆಯಂತೆ ಅದರಲ್ಲಿ ಆರು ಜನ: ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧ್ಯಕ್ಷರು, ಜಿಲ್ಲಾಧಿಕಾರಿಯ ಪ್ರತಿನಿಧಿ, ಒಬ್ಬ ಮನೋವೈದ್ಯರು, ಇನ್ನೊಬ್ಬ ವೈದ್ಯರು, ರೋಗಿಗಳ, ಆರೈಕೆ ಮಾಡುವವರ ಅಥವಾ ಅವರ ಸಂಘಟನೆಗಳ ಪರವಾಗಿ ಇಬ್ಬರು. ಯಾವ ಆಸ್ಪತ್ರೆಯಲ್ಲಿ ಯಾರನ್ನು ಎಷ್ಟು ಹೊತ್ತು ಕಟ್ಟಲಾಯಿತು ಎಂಬ ವರದಿ ಪ್ರತಿ ತಿಂಗಳು ಹೋಗಬೇಕಾದದ್ದು ಆ ಮಂಡಳಿಗೆ. ಕಟ್ಟಿದ ಹೊತ್ತು, ಬಿಚ್ಚಿದ ಹೊತ್ತು, ನಡುವೆ ನೀರು ಕೊಟ್ಟದ್ದು, ಕೈ ಊದಿದೆಯೇ ಎಂದು ನೋಡಿದ್ದು ವಾರ್ಡಿನ ಪುಸ್ತಕದಲ್ಲಿ ನರ್ಸಿನ ಕೈಬರಹದಲ್ಲಿರುತ್ತದೆ. ಅದನ್ನು ಓದಿ ತೀರ್ಮಾನಿಸುವ ಆ ಆರು ಜನರಲ್ಲಿ ನರ್ಸಿಗೆಂದು ಮೀಸಲಾದ ಜಾಗ ಇಂದಿಗೂ ಇಲ್ಲ.